ಬೀಜ ಉದುರುವ ಮುನ್ನ

ನಮ್ಮ ಮನೆಯಲ್ಲಿ ಗುಡ್ಡದ ಹುಲ್ಲಿಗೆ ಕುಡುಗೋಲು ಹಾಕುವ ದಿನವನ್ನು ಗಂಡಸರು ಹೇಳುವಂತಿಲ್ಲ. ರಾಗಿ ಯಾವಾಗ ಕೊಯ್ಯಬೇಕು, ಕಾಯಿ ಯಾವಾಗ ಕೆಡವಬೇಕು, ಕೊಬ್ಬರಿ ಯಾವ ವಾರ ತಿಪಟೂರಿಗೆ ಹೋಗಬೇಕು, ಇವೆಲ್ಲ ಅವರದೇ ಮಾತು. ಆದರೆ ಮನೆ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ನಮ್ಮ ಪಾಲಿಗೆ ಬಂದ ಹುಲ್ಲಿನ ಜಮೀನು ಮಾತ್ರ ಮನೆಯ ಹಿರಿಯ ಹೆಂಗಸಿನದು. ದೀಪಾವಳಿಯ ಆಸುಪಾಸಿನಲ್ಲಿ ಅವಳು ಒಬ್ಬಳೇ ಗುಡ್ಡ ಹತ್ತಬೇಕು. ಸೆರಗನ್ನು ಮಡಿಲು ಮಾಡಿಕೊಂಡು, ಹತ್ತು ಕಡೆ ಒಂದೊಂದು ಹಿಡಿ ಹುಲ್ಲನ್ನು ಬಗ್ಗಿಸಿ ಅದರೊಳಕ್ಕೆ ಕೊಡವಬೇಕು. ಬೀಜ ತಾನಾಗಿ ಉದುರಿದರೆ ನಾಳೆಯಿಂದ ಕೊಯ್ಲು. ಉದುರದಿದ್ದರೆ ಇನ್ನೊಂದು ವಾರ ತಡೆಯಬೇಕು. ಮಡಿಲಿಗೆ ಬಿದ್ದದ್ದನ್ನು ಅಲ್ಲೇ ಚೆಲ್ಲಿ ಬರಬೇಕು, ಮನೆಗೆ ತರಬಾರದು.

"ಕಡ್ಡಿ ನಮ್ ದನದ್ದು, ಬೀಜ ಗುಡ್ಡುದ್ದು ಕಣೇ" ಎಂದು ನಮ್ಮ ಅತ್ತೆ ನಾನು ಮದುವೆಯಾಗಿ ಬಂದ ವರ್ಷವೇ ಹೇಳಿಕೊಟ್ಟಿದ್ದರು. ಅವರು ಸುಮಾರು ನಲವತ್ತು ವರ್ಷ ಹೀಗೆ ಹತ್ತಿ ಇಳಿದವರು. ಗುಡ್ಡದಿಂದ ಬಂದ ದಿನ ಅವರ ಸೀರೆಯ ನೆರಿಗೆಯ ತುಂಬ ಸೂಜಿಯಂಥ ಬೀಜಗಳು ಚುಚ್ಚಿಕೊಂಡಿರುತ್ತಿದ್ದವು. ಜಗಲಿಯ ಮೇಲೆ ಕೂತು ಒಂದೊಂದನ್ನೇ ಕಿತ್ತು, ಸೊಸೆಯರನ್ನು ಬೈಯುತ್ತಾ, ಒಂದು ಲೋಟ ಕಾಫಿ ಮುಗಿಸುತ್ತಿದ್ದರು.

ಆಮೇಲೆ ಅವರ ಮಂಡಿ ಹೋಯಿತು, ಕಣ್ಣೂ ಮಂಜಾಯಿತು. ನಾಲ್ಕು ವರ್ಷದ ಹಿಂದೆ ಆ ಕೆಲಸ ನನಗೆ ಬಂತು. ನಾನೆಂಥವಳು ಅಂತ ಮೊದಲೇ ಹೇಳಿಬಿಡುತ್ತೇನೆ. ಮೂಗಿನ ತುದಿಯಲ್ಲೇ ಕೋಪ. ಹಿಡಿದ ಕೆಲಸ ಹಿಡಿದ ಕೂಡಲೇ ಮುಗಿಯಬೇಕು. ಹಾಲು ಉಕ್ಕುವವರೆಗೆ ಒಲೆ ಮುಂದೆ ನಿಲ್ಲಲೂ ಆಗದವಳು. ಮೊದಲ ವರ್ಷ ಭಯಭಕ್ತಿಯಿಂದ ಹತ್ತಿ, ಕೊಡವಿ, ಸರಿಯಾಗಿಯೇ ಹೇಳಿದೆ. ತಪ್ಪಾದದ್ದು ಎರಡನೆಯ ವರ್ಷ.

ಆ ವರ್ಷ ಮುಂಗಾರು ಚೆನ್ನಾಗಿಯೇ ಶುರುವಾಯಿತು. ಹುಲ್ಲು ಸೊಂಟದ ಮಟ್ಟ ಬಂತು. ಆದರೆ ಮಘೆ ಮಳೆಯಿಂದ ಆಚೆಗೆ ಒಂದು ಹನಿ ಇಲ್ಲ. ಹುಬ್ಬೆ, ಉತ್ತರೆ, ಹಸ್ತ, ಒಂದರ ಹಿಂದೊಂದು ಬರೀ ಬಿಸಿಲು, ಅದೂ ಶಿವರಾತ್ರಿ ಕಳೆದ ಮೇಲಿನಂಥ ಬಿಸಿಲು. ನೋಡನೋಡುತ್ತಿದ್ದಂತೆ ಇಡೀ ಗುಡ್ಡ ಹೊಂಬಣ್ಣಕ್ಕೆ ತಿರುಗಿತು. ಪ್ರತಿ ವರ್ಷ ಬೀಜ ಬಲಿತಾಗ ಬರುತ್ತಿದ್ದ ಬಣ್ಣವೇ ಅದು. ಹಿತ್ತಲಿನಿಂದ ನೋಡಿದರೆ ಒಂದಿಷ್ಟೂ ವ್ಯತ್ಯಾಸ ಇಲ್ಲ.

ಮನೆಯಲ್ಲಿ ಕಾಯಿ ಸುಲಿಯುವವರು ಬಂದಿದ್ದರು. ಅಷ್ಟು ಜನಕ್ಕೆ ಮುದ್ದೆ ತಿರುವಬೇಕು, ಸಾರು ಕಾಯಿಸಬೇಕು. ಇದರ ನಡುವೆ ಅತ್ತೆ, "ಇವತ್ತು ಒಳ್ಳೆ ದಿನ ಕಣೇ, ಹೋಗ್ಬಾ" ಎಂದರು. ಹೊರಟೆ. ಗುಡ್ಡದ ಬುಡದ ಹೊಂಗೆಮರದವರೆಗೆ ಹೋದೆ. ತಲೆ ಎತ್ತಿ ನೋಡಿದೆ. ಇಷ್ಟು ಚೆನ್ನಾಗಿ ಬಣ್ಣ ಬಂದ ಮೇಲೆ ಹತ್ತುವುದು ಯಾಕೆ ಅನ್ನಿಸಿತು. ಆ ನೆರಳಿನಲ್ಲಿ ಒಂದಷ್ಟು ಹೊತ್ತು ಕೂತು, ಬಾಟ್ಲಿಯ ನೀರು ಕುಡಿದು, ವಾಪಸ್ ಬಂದೆ.

"ಮಡ್ಲಲ್ಲಿ ಉದುರ್ತೇನೇ?" ಎಂದು ಕೇಳಿದರು ಅತ್ತೆ.

"ಉದುರ್ತು ಅತ್ತೆ" ಎಂದೆ. ಇಷ್ಟೇ. ಒಂದೇ ಮಾತು.

ಮಾರನೆಯ ದಿನವೇ ಆಳುಗಳು ಕುಡುಗೋಲು ಹಿಡಿದು ಹತ್ತಿದರು. ನಾಲ್ಕು ದಿನದಲ್ಲಿ ಇಡೀ ಇಳಿಜಾರು ಬೋಳಾಯಿತು. ಹೊರೆಗಳು ಅಂಗಳಕ್ಕೆ ಬಂದ ಸಂಜೆ ಅತ್ತೆ ಕೋಲೂರಿಕೊಂಡು ಹೋಗಿ ಒಂದು ಹೊರೆಯ ಮೇಲೆ ಕೈಯಾಡಿಸಿದರು. ಒಂದು ತೆನೆಯನ್ನು ಬೆರಳ ಸಂದಿಯಲ್ಲಿ ಹಿಸುಕಿ ಮೂಸಿ ನೋಡಿದರು. "ಇದು ಇನ್ನೂ ಹಾಲು ಕಣೇ" ಎಂದರು. "ಎಲ್ಲೋ ಒಂದೊಂದು ಹಂಗಿರ್ತವೆ, ಬುಡಿ ಅತ್ತೆ" ಎಂದು ಒಳಗೆ ಹೋದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಬಣವೆ ಒಟ್ಟಿದ ಮರುವಾರ ಮಳೆ ಹಿಡಿಯಿತು. ವಿಶಾಖದಲ್ಲಿ, ಚಳಿಗಾಲದ ಹೊಸ್ತಿಲಲ್ಲಿ, ಐದು ದಿನ ಸುರಿಯಿತು. ಆಗ ನನಗೆ ಅರ್ಥವಾಯಿತು. ಗುಡ್ಡದ ಹುಲ್ಲು ಬಲಿತಿರಲಿಲ್ಲ, ಬಾಯಾರಿತ್ತು. ಅದು ಇದೇ ಮಳೆಗಾಗಿ ಉಸಿರು ಹಿಡಿದುಕೊಂಡು ಕಾಯುತ್ತಿತ್ತು. ಇನ್ನು ಹತ್ತೇ ದಿನ ಬಿಟ್ಟಿದ್ದರೆ ಹಾಲು ಗಟ್ಟಿಯಾಗಿ ಬೀಜ ನೆಲಕ್ಕೆ ಬೀಳುತ್ತಿತ್ತು. ನಾನು ಅದರ ಕತ್ತು ಕೊಯ್ಯಿಸಿದ್ದೆ.

ಬೇಸಿಗೆ ಬಂತು. ಅಂಥ ಬೇಸಿಗೆಯನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ತೋಟದ ತೆಂಗಿನ ಗರಿಗಳೇ ಜೋತುಬಿದ್ದವು, ಹೀಚುಗಾಯಿ ಪಟಪಟ ಉದುರಿತು. ಗುಡ್ಡದ ಮೇಲೆ ಹುಲ್ಲಿನ ಹಳೆಯ ಬುಡಗಳು ಸತ್ತವು. ಎಷ್ಟೋ ವರ್ಷದ ಬುಡಗಳು, ಕುಡುಗೋಲಿಗೆ ಮತ್ತೆ ಮತ್ತೆ ತಲೆಕೊಟ್ಟು ಮತ್ತೆ ಮತ್ತೆ ಚಿಗುರಿದಂಥವು. ಹಿಡಿದು ಎಳೆದರೆ ಕಾಯಿಲೆಯವರ ಕೂದಲಿನಂತೆ ಕೈಗೇ ಬಂದವು. ಸಾಮಾನ್ಯವಾಗಿ ಹೀಗೆ ಹಳೆಯವು ಸತ್ತ ಜಾಗದಲ್ಲಿ ನೆಲಕ್ಕೆ ಬಿದ್ದ ಬೀಜ ಏಳುತ್ತದೆ. ಈ ಸಲ ನೆಲದಲ್ಲಿ ಬೀಜವೇ ಇರಲಿಲ್ಲ.

ಮುಂದಿನ ಮುಂಗಾರಿನಲ್ಲಿ ಗುಡ್ಡ ಹಸಿರಾಯಿತು, ಆದರೆ ಹುಲ್ಲಿನಿಂದಲ್ಲ. ಪಾರ್ಥೇನಿಯಂ, ತಂಗಡಿ, ಅಲ್ಲಲ್ಲಿ ಉತ್ತರಾಣಿ. ದನ ಮೂಸಿಯೂ ನೋಡದ ಗಿಡಗಳು. ಒಂದು ಜೋರು ಮಳೆಗೆ ಇಳಿಜಾರಿನ ಕೆಂಪು ಮಣ್ಣು ಕೊಚ್ಚಿಕೊಂಡು ಬಂದು ಕೆಳಗಿನ ತೋಟದ ಬದು ಒಡೆಯಿತು. ನಮ್ಮ ಯಜಮಾನರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಗುಡ್ಡವನ್ನು ನೋಡಿ ಹೇಳಿದರು: "ಸಾಕು. ಜೆಸಿಬಿ ತರ್ಸಿ ಮಟ್ಟ ಮಾಡ್ಸಿ ತೆಂಗು ಇಟ್ಬುಡ್ತೀನಿ."

ಅವರದು ತಪ್ಪೆಂದು ಹೇಗೆ ಹೇಳಲಿ? ಹಂದನಕೆರೆ ದಾರಿಯುದ್ದಕ್ಕೂ ಗುಡ್ಡದ ಸೆರಗುಗಳನ್ನು ಮೆಟ್ಟಿಲು ಕಡಿದು ತೆಂಗು ಇಟ್ಟಿದ್ದಾರೆ. ಡ್ರಿಪ್ ಪೈಪು ಎಳೆದರೆ ಆಯಿತು. ಆದರೆ ಒಮ್ಮೆ ಯಂತ್ರ ಆ ಮಣ್ಣನ್ನು ಬಗೆದರೆ ಹುಲ್ಲು ಇನ್ನು ನಮ್ಮ ಜನ್ಮದಲ್ಲಿ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಅತ್ತೆ, ಅವರ ಅತ್ತೆ, ಅವರಿಗೂ ಹಿಂದಿನವರು ಕಾಯ್ದುಕೊಂಡು ಬಂದದ್ದು ನನ್ನ ಒಂದು ಸುಳ್ಳಿಗೆ ಮುಗಿದುಹೋಗುತ್ತಿತ್ತು. ಇದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ಜಗಲಿಯಿಂದ ಅತ್ತೆಯೇ ಮಗನಿಗೆ ಹೇಳಿದರು: "ಇನ್ನೊಂದು ವರ್ಸ ತಡಿ ಕಣ್ಲಾ. ಗುಡ್ಡ ಎಲ್ಲಿಗ್ ಓಡೋಗ್ತದೆ?"

"ಒಂದೇ ವರ್ಷ ಕಣವ್ವ. ಬರೋ ವರ್ಷದ ದೀಪಾವಳಿಗೂ ಹುಲ್ಲಿಲ್ಲ ಅಂದ್ರೆ ಜೆಸಿಬಿ ಹತ್ಸೋದೇ" ಎಂದರು ಇವರು.

ಒಂದು ವರ್ಷ. ಬೀಜ ಎಲ್ಲಿಂದ ತರುವುದು? ಗುಡ್ಡದ ಹುಲ್ಲಿನ ಬೀಜವನ್ನು ಯಾವ ಅಂಗಡಿಯವನು ಮಾರುತ್ತಾನೆ? ಚಿಕ್ಕನಾಯಕನಹಳ್ಳಿಯ ಬೀಜದ ಅಂಗಡಿಯಲ್ಲಿ ನಾಚಿಕೆ ಬಿಟ್ಟು ಕೇಳಿದೆ. ಅವನು, "ಅಕ್ಕಾ, ಕಳೆ ಸಾಯ್ಸೋ ಔಷ್ದಿ ಐತೆ, ಬೆಳ್ಸೋದು ಇಲ್ಲ" ಎಂದು ನಕ್ಕ. ಅವನ ಮುಖಕ್ಕೆ ಏನಾದರೂ ಎಸೆಯಬೇಕು ಅನ್ನಿಸಿತು. ಕೈಯಲ್ಲಿ ಬಸ್ ಟಿಕೆಟ್ ಬಿಟ್ಟರೆ ಬೇರೇನೂ ಇರಲಿಲ್ಲ.

ಬೀಜ ಸಿಕ್ಕಿದ್ದು ನಾನು ಎಂದೂ ಒಳ್ಳೆಯ ಮಾತಾಡದ ಒಬ್ಬ ಹೆಂಗಸಿನ ಹತ್ತಿರ. ಊರಾಚೆ ಕುರಿ ಸಾಕಿಕೊಂಡಿರುವವಳು. ಅವಳ ಕುರಿ ನಮ್ಮ ಇಳಿಜಾರಿನ ಕಡೆ ಮುಖ ಮಾಡಿದರೂ ಸಾಕು, ನಾನು ಹಿತ್ತಲಿನಿಂದಲೇ ಕೂಗಾಡುತ್ತಿದ್ದೆ. ಹಾಗಾಗಿ ಅವಳು ಗುಡ್ಡದ ಆಚೆ ಮಗ್ಗುಲಿಗೆ, ಯಾರೂ ಹುಲ್ಲು ಕೊಯ್ಯದ ಬಂಡೆಗಳ ನಡುವೆ ಮೇಯಿಸುತ್ತಿದ್ದಳು. ಶಿವರಾತ್ರಿಯ ಹೊತ್ತಿಗೆ ಒಂದು ದಿನ ಅವಳ ಮನೆ ಮುಂದೆ ಹಾದುಹೋಗುವಾಗ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದಳು. ಪಕ್ಕದಲ್ಲಿ ಉಣ್ಣೆಯ ಎರಡು ಗುಡ್ಡೆ. ಒಂದನ್ನು ಚೀಲಕ್ಕೆ ತುಂಬುತ್ತಿದ್ದಳು, ಇನ್ನೊಂದನ್ನು ತಿಪ್ಪೆಗೆ ಎಸೆಯುತ್ತಿದ್ದಳು.

"ಅದ್ಯಾಕಮ್ಮ ಬಿಸಾಕ್ತೀಯಾ?" ಎಂದೆ.

"ಹೊಟ್ಟೆ ಕೆಳ್ಗಿನ ಉಣ್ಣೆ ಕಣಕ್ಕ. ಬರೀ ಮುಳ್ಳು. ಕಂಬ್ಳಿ ನೇಯೋರು ಮುಟ್ಟಾಕಿಲ್ಲ."

ಒಂದು ಹಿಡಿ ತೆಗೆದುಕೊಂಡು ಬಿಡಿಸಿದೆ. ಅಯ್ಯೋ ಶಿವನೇ! ಮುಳ್ಳಲ್ಲ ಅವು. ನಮ್ಮ ಹುಲ್ಲಿನ ಬೀಜ. ಕಂದು ಬಣ್ಣ, ಚೂಪು ಮೂತಿ, ಹಿಂದೆ ಹುರಿ ಹೊಸೆದಂಥ ಉದ್ದ ಬಾಲ. ಒಂದು ಹಿಡಿಯಲ್ಲೇ ಲೆಕ್ಕವಿಲ್ಲದಷ್ಟು. ನಾನು ಯಾವುದನ್ನು ಹುಡುಕುತ್ತಾ ಅಲೆದಿದ್ದೆನೋ ಅದನ್ನು ಕುರಿಗಳು ಬೇಡವೆಂದರೂ ಹೊತ್ತು ತಂದಿದ್ದವು.

ಬಿಸಿಲಿತ್ತು, ಅವಳು ಕುಡಿಯಲು ಕೈಗೆ ನೀರು ಹಾಕಿದಳು. ಒದ್ದೆ ಅಂಗೈಯಲ್ಲಿ ಒಂದು ಬೀಜ ಅಂಟಿಕೊಂಡಿತ್ತು. ಒರೆಸಿಕೊಳ್ಳಲು ಹೋದವಳು ಹಾಗೇ ನಿಂತೆ. ಬೀಜ ಅಲ್ಲಾಡಿತು. ಗಾಳಿಗಲ್ಲ. ಅದರ ಬಾಲದ ಹುರಿ ನೀರು ಕುಡಿದು ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಾ ಸುತ್ತುತ್ತಿತ್ತು, ಸುತ್ತುತ್ತಾ ಚೂಪು ಮೂತಿಯನ್ನು ನನ್ನ ಅಂಗೈಗೆ ಒತ್ತುತ್ತಿತ್ತು. ಥೇಟ್ ಬಡಗಿಯ ಬೈರಿಗೆ! ಒಣಗಿದ ಮೇಲೆ ಬಾಲ ಮತ್ತೆ ಹುರಿಗಟ್ಟುತ್ತಾ ಇನ್ನೊಂದು ಕಡೆಗೆ ತಿರುಗಿತು. ಇಬ್ಬನಿಗೆ ಒಂದು ಸುತ್ತು, ಬಿಸಿಲಿಗೆ ಒಂದು ಸುತ್ತು, ಹೀಗೆ ದಿನಾ ಒಂದಿಷ್ಟು ನೆಲದೊಳಕ್ಕೆ ಇಳಿಯುತ್ತದೆ. ಕೈಯಿಲ್ಲ, ಕಾಲಿಲ್ಲ, ಜೀವವೂ ಇದೆಯೋ ಇಲ್ಲವೋ ಅನ್ನಿಸುವ ಒಂದು ಕಡ್ಡಿ ತನ್ನ ಗುಳಿಯನ್ನು ತಾನೇ ತೋಡಿಕೊಳ್ಳುತ್ತದೆ. ಅರ್ಧ ಆಯಸ್ಸು ಈ ಗುಡ್ಡದ ಕೆಳಗೆ ಕಳೆದೆ, ಇದನ್ನು ಒಮ್ಮೆಯೂ ನೋಡಿರಲಿಲ್ಲ.

"ಅದ್ಕೂ ಬದುಕ್ಬೇಕು ಅಂತ ಆಸೆ ಕಣಕ್ಕ" ಎಂದಳು ಅವಳು, ಕತ್ತರಿ ನಿಲ್ಲಿಸದೆ.

ಇಷ್ಟು ವರ್ಷ ಬೈದವಳಿಗೆ ಕೇಳಲು ನಾಲಿಗೆ ಏಳಲಿಲ್ಲ. ಕೊನೆಗೆ ಕೇಳಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, "ತಿಪ್ಪೆಗ್ ಹಾಕೋದು ತಾನೆ, ತಗೊಂಡೋಗು. ನಿನ್ ಬಾಯಾದ್ರೂ ಸ್ವಲ್ಪ ಮುಚ್ಚಲಿ" ಎಂದಳು. ಬೇರೆ ಯಾರಾದರೂ ಹೀಗಂದಿದ್ದರೆ ಅಲ್ಲೇ ಜಗಳವಾಗುತ್ತಿತ್ತು. ನಾನು ನಕ್ಕುಬಿಟ್ಟೆ. ಅವಳು ತನ್ನ ನೆಂಟರ ಮನೆಗಳಿಂದಲೂ ಕೇಳಿಸಿ ಕೊಟ್ಟಳು. ಹನ್ನೊಂದು ಚೀಲ ಆಯಿತು.

ಯುಗಾದಿ ಕಳೆದ ಮೇಲೆ ದಿನಾ ಬೆಳಿಗ್ಗೆ ಒಂದೊಂದು ಚೀಲ ಹೊತ್ತು ಹತ್ತಿದೆ. ಕಳೆಗಿಡ ಕಿತ್ತು, ಆ ಜಾಗದಲ್ಲಿ ಉಣ್ಣೆಯನ್ನು ಚಪಾತಿಯಷ್ಟು ಅಗಲಕ್ಕೆ ಹರಡಿ, ಹಾರಿಹೋಗದ ಹಾಗೆ ಒಂದು ಕಲ್ಲು ಹೇರುತ್ತಿದ್ದೆ. ಊರಿನವರಿಗೆ ಪುಕ್ಕಟೆ ತಮಾಷೆ. ನಮ್ಮ ಯಜಮಾನರೂ ಬಿಡಲಿಲ್ಲ. "ಏನೇ, ಗುಡ್ಡಕ್ಕೆ ಸ್ವೆಟರ್ ಹಾಕ್ತಿದೀಯಾ? ಈ ಬಿಸ್ಲಲ್ಲಾ?" ಎಂದರು. "ಹೂಂ ಕಣ್ರೀ, ಮಿಕ್ಕಿದ್ರೆ ನಿಮ್ ಬಾಯಿಗೂ ಒಂದ್ ತುಂಡು ಇಡ್ತೀನಿ" ಎಂದೆ. ಅವರು ನಗುತ್ತಾ ಹೋದರು. ಯಂತ್ರದವನಿಗೆ ಫೋನು ಮಾಡಿ ದೀಪಾವಳಿ ಮುಗಿದ ಮೇಲೆ ಬರಲು ಹೇಳಿದ್ದನ್ನೂ ಅವತ್ತೇ ತಿಳಿಸಿದರು.

ಮುಂಗಾರಿಗೂ ಮುಂಚೆ, ಭರಣಿಯಲ್ಲಿ ಒಂದು ಒಳ್ಳೆಯ ಮಳೆ ಬಿತ್ತು. ವಾರದೊಳಗೆ ಉಣ್ಣೆಯನ್ನು ತೂರಿಕೊಂಡು ಹಸಿರು ಎಳೆಗಳು ಎದ್ದವು. ನಾನು ಚಿಕ್ಕ ಹುಡುಗಿಯಂತೆ ಓಡಿಬಂದು ಅತ್ತೆಗೆ ಹೇಳಿದೆ. ಅವರು, "ಕುಣೀಬ್ಯಾಡ, ತಡಿ" ಎಂದರು. ಅವರ ಮಾತೇ ನಿಜವಾಯಿತು. ಕೃತ್ತಿಕೆ ಒಣಗಿತು, ರೋಹಿಣಿ ಒಣಗಿತು, ಮೃಗಶಿರದಲ್ಲಿ ಬರೀ ಗಾಳಿ. ಎದ್ದ ಎಳೆಗಳೆಲ್ಲ ಕಣ್ಣೆದುರೇ ಸೀದುಹೋದವು. ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಮಳೆಯನ್ನು ಬೈದೆ, ಬಿಸಿಲನ್ನು ಬೈದೆ, ಮೋಸಹೋದ ಬೀಜವನ್ನೂ ಬೈದೆ. ಆಮೇಲೆ ನನ್ನನ್ನೇ ಬೈದುಕೊಂಡೆ.

ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ. ತುಂತುರು ಬಿಟ್ಟರೆ ಏನಿಲ್ಲ. ನಾನು ಗುಡ್ಡಕ್ಕೆ ಹೋಗುವುದನ್ನೇ ಬಿಟ್ಟೆ.

ಮಘೆಯ ಕೊನೆಗೆ ಮಳೆ ಬಂತು. ಬಂದದ್ದು ಮೂರು ದಿನ ಬಿಡಲಿಲ್ಲ. ಗೌರಿಹಬ್ಬದ ಬಾಗಿನಕ್ಕೆ ಸಾಮಾನು ಜೋಡಿಸುತ್ತಿದ್ದಾಗ ಹಿತ್ತಲ ಬಾಗಿಲಿನಿಂದ ಸುಮ್ಮನೆ ತಲೆ ಎತ್ತಿದೆ. ಗುಡ್ಡದ ಮೇಲೆ ತೆಳ್ಳಗೆ ಹಸಿರು ಬಳಿದ ಹಾಗಿತ್ತು. ಪಾರ್ಥೇನಿಯಂ ಇರಬೇಕು ಎಂದುಕೊಂಡೇ ಹತ್ತಿದೆ. ಅಲ್ಲ. ನಾನು ಉಣ್ಣೆ ಇಟ್ಟ ಒಂದೊಂದು ಜಾಗದಲ್ಲೂ, ಒಂದೊಂದು ಕಲ್ಲಿನ ಸುತ್ತಲೂ, ಹುಲ್ಲು. ಅದೇ ಉಣ್ಣೆ, ಅದೇ ಚೀಲದ ಬೀಜ.

ಆಗ ತಿಳಿಯಿತು. ಭರಣಿಯ ಮಳೆಗೆ ಎಲ್ಲ ಬೀಜವೂ ಎದ್ದಿರಲಿಲ್ಲ. ಕೆಲವು ಎದ್ದು ಸತ್ತವು. ಉಳಿದವು ಅದೇ ನೆಲದಲ್ಲಿ, ಅದೇ ತೇವದಲ್ಲಿ, ಪಕ್ಕದ್ದು ಚಿಗುರುವುದನ್ನು ಕಂಡೂ ಕಣ್ಣು ಮುಚ್ಚಿಕೊಂಡು ಮಲಗಿದ್ದವು. ಯಾರು ಹೇಳಿಕೊಟ್ಟರು ಅವಕ್ಕೆ, ಮೊದಲ ಮಳೆಯನ್ನು ನಂಬಬೇಡಿ ಅಂತ? ನಾನು ಒಂದು ಬಣ್ಣ ನೋಡಿ ನಂಬಿದವಳು. ರಾಗಿ ಕಾಳಿಗಿಂತ ತುಸು ದೊಡ್ಡದಾದ ಒಂದು ಬೀಜಕ್ಕಿದ್ದ ತಾಳ್ಮೆ, ಅನುಮಾನ, ಬುದ್ಧಿ ನನಗಿರಲಿಲ್ಲ. ಎರಡು ಕೈ ಜೋಡಿಸಿದೆ. ಯಾವ ದೇವರಿಗೆ ಅಂತ ಕೇಳಿದರೆ ಗೊತ್ತಿಲ್ಲ.

"ಇದೂ ಒಣಗ್ತದೆ, ನೋಡ್ತಿರು" ಎಂದರು ಯಜಮಾನರು. ಯಂತ್ರದವನಿಗೆ ಬೇಡವೆಂದು ಹೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ?

ಹುಲ್ಲು ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಅದಕ್ಕೆ ಪುರುಸೊತ್ತು ಇರಲಿಲ್ಲ. ಹಿಂದೆಲ್ಲ ಜ್ಯೇಷ್ಠದಿಂದ ಕಾರ್ತಿಕದವರೆಗೆ ಆರಾಮವಾಗಿ ಬೆಳೆಯುತ್ತಿದ್ದ ಹುಲ್ಲು, ಅರ್ಧ ಹೊತ್ತು ಕಳೆದುಹೋಗಿದೆ ಅಂತ ತಿಳಿದವರಂತೆ ಬೆಳೆಯಿತು. ಸೊಂಟದ ಮಟ್ಟಕ್ಕೆ ಏರುವ ಗೋಜಿಗೇ ಹೋಗಲಿಲ್ಲ. ಮೊಣಕಾಲಿನ ಮಟ್ಟ ಬಂದ ಕೂಡಲೇ ತೆನೆ ತೆಗೆಯಿತು. ಐದು ತಿಂಗಳ ಬಾಳನ್ನು ಎರಡೂವರೆ ತಿಂಗಳಿಗೆ ಮಡಚಿಕೊಂಡು, ಮೈಯನ್ನು ಕುಗ್ಗಿಸಿ, ಬೀಜಕ್ಕೆ ಮಾತ್ರ ಕಡಿಮೆ ಮಾಡದೆ. ಸ್ವಾತಿಯಲ್ಲಿ ಇನ್ನೊಂದು ಹದ ಮಳೆಯಾಯಿತು. ನಾನು ದಿನ ಬಿಟ್ಟು ದಿನ ಹತ್ತಿ ನೋಡುತ್ತಿದ್ದೆ, ನೋಡಿದಷ್ಟೂ ಸಾಲುತ್ತಿರಲಿಲ್ಲ.

ದೀಪಾವಳಿ ಮುಗಿದ ನಾಲ್ಕನೆಯ ದಿನ ಬೆಳಿಗ್ಗೆ ಜೆಸಿಬಿ ಬಂದೇ ಬಂತು. ತೋಟದ ದಾರಿಯಲ್ಲಿ ಗುಡುಗುಡು ಸದ್ದು ಮಾಡುತ್ತಾ ಹೊಂಗೆಮರದ ಹತ್ತಿರ ನಿಂತಿತು. ನಡೆಸುವವನು ಇಳಿದು, "ಎಲ್ಲಿಂದ ಎಲ್ಲೀಗಂಟ ಅಂತ ತೋರ್ಸಿ ಸ್ವಾಮಿ" ಎಂದ. ಯಜಮಾನರು ಮುಂದೆ, ಅವನು ಹಿಂದೆ. ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಸೆರಗಿಗೆ ಒರೆಸಿಕೊಂಡು ನಾನೂ ಹಿಂದೆ ಹೋದೆ.

ಗೌರಿಹಬ್ಬದಿಂದ ಈಚೆಗೆ ಇವರು ಒಮ್ಮೆಯೂ ಮೇಲೆ ಹತ್ತಿರಲಿಲ್ಲ. ಕೆಳಗಿನಿಂದ ನೋಡುವುದೇ ಬೇರೆ. ಮೊದಲ ಏರು ದಾಟಿದ ಕೂಡಲೇ ನಿಂತರು. ಇಳಿಜಾರಿನ ಮುಕ್ಕಾಲು ಪಾಲು ಹುಲ್ಲಿತ್ತು. ಎಳೆ ಬಿಸಿಲು ತೆನೆಗಳ ಬಾಲಕ್ಕೆ ಬಿದ್ದು, ಗಾಳಿ ಬೀಸಿದ ಕಡೆಯೆಲ್ಲ ಹೊಳಪು ಕೆಳಗಿನಿಂದ ಮೇಲಕ್ಕೆ ಓಡುತ್ತಿತ್ತು. ಅಷ್ಟು ದೊಡ್ಡ ಯಂತ್ರ ತಂದವನೂ ಬಾಯಿ ತೆರೆದುಕೊಂಡು ನಿಂತಿದ್ದ.

ಯಜಮಾನರು ಚಪ್ಪಲಿ ಬಿಟ್ಟರು. ನಾವು ಪೈರಿಗೆ ಇಳಿಯುವಾಗ ಮಾತ್ರ ಹಾಗೆ ಬಿಡುತ್ತೇವೆ. ನಾಲ್ಕು ಹೆಜ್ಜೆ ಒಳಗೆ ನಡೆದು, ಬಗ್ಗಿ, ಒಂದು ಹಿಡಿಯನ್ನು ಅಂಗೈಯ ಮೇಲೆ ಮೆಲ್ಲಗೆ ಕೊಡವಿದರು. ಆಮೇಲೆ ತಿರುಗಿ ಅವನಿಗೆ ಹೇಳಿದರು: "ಗಾಡಿ ಹಿಂದಕ್ಕೆ ತಗಳಪ್ಪ. ಇಲ್ಲಿ ಬೆಳೆ ಐತೆ. ನಿನ್ನ ಬಾಡಿಗೆ ಕೊಡ್ತೀನಿ ಬಾ."

ಯಂತ್ರದ ಸದ್ದು ತೋಟ ದಾಟಿ ಹೋಗುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ನನಗೆ ಅಳು ತಡೆಯಲಾಗಲಿಲ್ಲ. ಎರಡು ವರ್ಷದಿಂದ ಬಚ್ಚಿಟ್ಟಿದ್ದ ಮಾತು ತಾನಾಗಿ ಹೊರಗೆ ಬಂತು.

"ರೀ, ಆ ವರ್ಷ ನಾನು ಗುಡ್ಡ ಹತ್ತೇ ಇರ್ಲಿಲ್ಲ. ಹೊಂಗೆಮರದ ಕೆಳಗೆ ಕೂತಿದ್ದು ಬಂದು ಸುಳ್ಳು ಹೇಳ್ದೆ."

ಅವರು ಹುಲ್ಲಿನ ಕಡೆಯೇ ನೋಡುತ್ತಿದ್ದರು.

"ಗೊತ್ತಿತ್ತು ಕಣೇ. ಅವತ್ತು ನಿನ್ನ ಸೀರೇಲಿ ಒಂದು ಬೀಜಾನೂ ಚುಚ್ಕೊಂಡಿರ್ಲಿಲ್ಲ" ಎಂದರು. ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಆಳುಗಳು ಸಿಕ್ಕಿದ್ರು, ಅದ್ಕೇ ಸುಮ್ನಿದ್ದೆ. ನಂಗೂ ಕೆಲ್ಸ ಮುಗುದ್ರೆ ಸಾಕಾಗಿತ್ತು" ಎಂದರು.